ಹತ್ತು ನಿಮಿಷ ಮುಂದಿದ್ದ ಗಡಿಯಾರ

ಮೊನ್ನೆ ಮನೆಯ ಗೋಡೆ ಗಡಿಯಾರ ನಿಂತುಬಿಟ್ಟಿತು. ಸೆಲ್ ಬದಲಿಸೋಣವೆಂದು ಕೆಳಗಿಳಿಸಿದರೆ ಹಿಂದಿನ ಧೂಳಿನಿಂದ ಮೆಣಸಿನಕಾಯಿ ಘಾಟು ಮೂಗಿಗೆ ಹೊಡೆದು ಸೀನು ಬಂತು. ಇಷ್ಟು ವರ್ಷ ಆದಮೇಲೂ! ಅದು ರಾಣೇಬೆನ್ನೂರಿನಲ್ಲಿ, ಖಾರದ ಗಿರಣಿ ಮೇಲಿದ್ದ ನಮ್ಮ ಆಫೀಸಿನ ಗಡಿಯಾರ. ಅಕ್ಕಾರದು...

ಅಕ್ಕಾರು ಆ ಆಫೀಸಿನ ಒಡತಿ, ನಾನು ಅವರ ಕೈಕೆಳಗೆ ಇದ್ದೆ. ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿಗೆ ಬಿದ್ದ ರೇಟನ್ನು ಐರಣಿ, ಹಲಗೇರಿ, ಕಾಗಿನೆಲೆ ಕಡೆಯ ರೈತರ ಮೊಬೈಲಿಗೆ ಮುಟ್ಟಿಸುವುದು ನಮ್ಮ ಜಾವಾ ಸರ್ವರಿನ ಕೆಲಸ. ರೈತ ಒಪ್ಪಿಗೆ ಹೇಳಲು ಸಿಗುತ್ತಿದ್ದ ಹೊತ್ತು ಸ್ವಲ್ಪವೇ. ಅದಕ್ಕೇ ಪ್ರತಿ ಸಂದೇಶಕ್ಕೂ ಐದೇ ನಿಮಿಷದ ಆಯುಷ್ಯ ಇಟ್ಟಿದ್ದೆವು; ಅದು ಮೀರಿದ್ದನ್ನು ಸರ್ವರ್ ಮುಂದೆ ಕಳಿಸುತ್ತಿರಲಿಲ್ಲ.

ಗಂಡ ತೀರಿಕೊಂಡ ಮೇಲೆ ಅಕ್ಕಾರು ತಾವೇ ನಿಂತು ಕಟ್ಟಿದ್ದು ಅದೊಂದೇ. ಅದು ಹೋದರೆ ಹಾವೇರಿಯಲ್ಲಿ ಅಣ್ಣನ ಮನೆಯ ಒಲೆ ಮುಂದೆ ಕೂರಬೇಕಿತ್ತು. ದಿನಾ ಹಾವೇರಿಯಿಂದಲೇ ಓಡಾಟ. ಗಡಿಯಾರವನ್ನು ಬೇಕೆಂತಲೇ ಹತ್ತು ನಿಮಿಷ ಮುಂದಿಟ್ಟಿದ್ದರು. ಕೇಳಿದರೆ, "ಇರ್ಲಿ ಬಿಡೋ ತಮ್ಮಾ, ಬಸ್ ತಪ್ಪೂದಿಲ್ಲ" ಅನ್ನುತ್ತಿದ್ದರು.

ಹೊಸ ಸರ್ವರ್ ಬಂದಿದ್ದೇ ಬಂದಿದ್ದು, ಒಂದು ಸಂದೇಶವೂ ಯಾರಿಗೂ ಮುಟ್ಟಲಿಲ್ಲ. ಎರಡು ಪೇಟೆ ದಿನ ಹೀಗೇ ಹೋದವು. ಮೂರನೆಯದಕ್ಕೆ ಪೇಟೆಯವರು ಫೋನ್ ಮಾಡಿ, "ಇವತ್ತೂ ಮುಟ್ಟಲಿಲ್ಲಂದ್ರ ನಿಮ್ಮ ಕೆಲಸ ಬಂದ್ ಮಾಡ್ರಿ" ಅಂದರು. ನಾನು ಲೈನ್ ನೋಡಿದೆ, ಎಲ್ಲಾ ಬಂದ್ ಮಾಡಿ ಮತ್ತೆ ಚಾಲೂ ಮಾಡಿದೆ. ಸಂದೇಶಗಳು ಒಳಗೆ ಬರುತ್ತಿದ್ದವು, ಹೊರಗೆ ಮಾತ್ರ ಒಂದೂ ಹೋಗುತ್ತಿರಲಿಲ್ಲ. ಕೊನೆಗೆ, ಮುಟ್ಟದೆ ಸತ್ತ ಸಂದೇಶಗಳು ಹೋಗಿ ಬೀಳುವ ಜಾಗ ತೆರೆದೆ. ಎಲ್ಲಾ ಅಲ್ಲೇ! ಆಗಷ್ಟೇ ಬಂದವಕ್ಕೂ ಅವಧಿ ಮುಗಿದಿದೆ ಅಂತ ಬರೆದಿತ್ತು.

"ಈಗ ಬಂದಾವು, ಅಷ್ಟರಾಗ ಹೆಂಗ ಸತ್ವೋ?" ಅಂದರು ಅಕ್ಕಾರು.

ನಾನು ಸರ್ವರಿನ ಟೈಮ್ ನೋಡಿದೆ, ನನ್ನ ಫೋನ್ ನೋಡಿದೆ. "ಅಕ್ಕಾರ, ಇದಕ್ಕ ಟೈಮ್ ಯಾರು ಇಟ್ಟಾರ್ರಿ?"

ಅವರು ಗೋಡೆ ಕಡೆ ನೋಡಿದರು. "ನಾನ ಇಟ್ಟೆ... ಅದನ್ನ ನೋಡಿ." ಅಯ್ಯೋ, ಆ ಮುಖ ನನಗೆ ಮರೆಯಲಿಕ್ಕೇ ಆಗುವುದಿಲ್ಲ. ಪೇಟೆಯ ಕಂಪ್ಯೂಟರ್ ಸರಿಯಾದ ಟೈಮ್ ಹಾಕಿ ಕಳಿಸಿದ್ದು, ಹತ್ತು ನಿಮಿಷ ಮುಂದಿದ್ದ ನಮ್ಮ ಸರ್ವರಿನ ಲೆಕ್ಕದಲ್ಲಿ ಬರುವಷ್ಟರಲ್ಲೇ ಹಳೆಯದಾಗುತ್ತಿತ್ತು, ಅಷ್ಟೇ. ಟೈಮ್ ತಿದ್ದಿದೆ. ಪರೀಕ್ಷೆಗೆಂದು ಒಂದು ಸಂದೇಶ ಬಿಟ್ಟರೆ ಗಳಿಗೆಯಲ್ಲಿ ಅಕ್ಕಾರ ಮೊಬೈಲು ಟಿಣ್ ಅಂತು. ಆದರೆ ಅವತ್ತಿನ ಪೇಟೆ ಆಗಲೇ ಮುಗಿದಿತ್ತು. ಅಕ್ಕಾರು ಫೋನ್ ಮಾಡಿ ಎಷ್ಟು ಬೇಡಿಕೊಂಡರೂ ಆ ಕಡೆಯವರು ಕೇಳಲಿಲ್ಲ.

ಆಫೀಸು ಖಾಲಿ ಮಾಡುವ ದಿನ ಗಡಿಯಾರ ಕಳಚಿ ನನ್ನ ಕೈಗಿಟ್ಟರು. "ನೀನ ಇಟ್ಕೋ ತಮ್ಮಾ. ಇನ್ನ ನನಗ ಯಾವ ಬಸ್ ಹಿಡಿಯೂದೈತಿ?"

ನಮ್ಮ ಮನೆಯ ಗೋಡೆಯ ಮೇಲೂ ಅದನ್ನು ಹತ್ತು ನಿಮಿಷ ಮುಂದೇ ಇಟ್ಟಿದ್ದೆ. ಆಮೇಲೆ ಅಕ್ಕಾರ ಭೇಟಿಯಾಗಲಿಲ್ಲ. ಹೋದ ವರ್ಷ ಅಕ್ಕಾರು ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಮಣ್ಣಾದ ಮೇಲೆ...

ಮೊನ್ನೆ ಹೊಸ ಸೆಲ್ ಹಾಕಿ, ಫೋನ್ ನೋಡಿ ಸರಿಯಾದ ಟೈಮ್ ಇಟ್ಟು ಗಡಿಯಾರ ಗೋಡೆಗೆ ಹಾಕಿದೆ. ಹೆಂಡತಿ ಬಂದು ನೋಡಿ, "ಯಾಕ್ರೀ, ದಿನಾಗಿಂತ ಹತ್ತು ನಿಮಿಷ ಹಿಂದ ಐತಲ್ಲ?" ಅಂದಳು.

ಅಕ್ಕಾರು ಇಲ್ಲ ಅನ್ನುವುದು ನನಗೆ ಖರೇ ಅನ್ನಿಸಿದ್ದು ಆಗಲೇ. ಸ್ಟೂಲಿನ ಮೇಲೆ ನಿಂತಲ್ಲೇ ಅಳು ಬಂತು.