ನಡೆದು ಹೋದ ಮರ

ನನ್ನ ಫೋಟೋಗಳನ್ನು ಅತ್ತೆಯಷ್ಟು ಆಸೆಪಟ್ಟು ನೋಡಿದವರು ಇನ್ನೊಬ್ಬರಿಲ್ಲ. ಗಂಡನಿಗೆ ತೋರಿಸಿದರೆ ಲ್ಯಾಪ್‌ಟಾಪಿನಿಂದ ತಲೆ ಎತ್ತದೆಯೇ ಚೆನ್ನಾಗಿದೆ ಎನ್ನುತ್ತಿದ್ದ. ಅತ್ತೆ ಹಾಗಲ್ಲ. ಕ್ಯಾಮೆರಾವನ್ನೇ ಇಸಿದುಕೊಂಡು, ಕನ್ನಡಕವನ್ನು ಹಣೆಗೇರಿಸಿ, ಪರದೆಯನ್ನು ಮೂಗಿಗೆ ತಗಲುವಷ್ಟು ಹತ್ತಿರ ಹಿಡಿದು ಒಂದೊಂದು ಎಲೆಯನ್ನೂ ನೋಡುತ್ತಿದ್ದರು. ನಾನು ಹಿಗ್ಗಿ ಹೀರೇಕಾಯಿಯಾಗುತ್ತಿದ್ದೆ.

ಅದು ಮನೆಯಿಂದ ಐದು ಕಿಲೋಮೀಟರ್ ದಾಟಬಾರದೆಂಬ ಲಾಕ್‌ಡೌನಿನ ಕಾಲ. ಬಾಣಂತನಕ್ಕೆ ಬರಬೇಕಿದ್ದ ನನ್ನ ಅಮ್ಮನ ವಿಮಾನ ರದ್ದಾಗಿತ್ತು. ಅದಕ್ಕೂ ಮೊದಲೇ ಲೂಕನ್ ಎಂಬ ಈ ಪರದೇಶದ ಊರಿನ ನಮ್ಮ ಹೊಸ ಮನೆ ನೋಡಲೆಂದು ಮೈಸೂರಿನಿಂದ ಬಂದಿದ್ದ ಅತ್ತೆ ಇಲ್ಲೇ ಸಿಕ್ಕಿಹಾಕಿಕೊಂಡರು. ಮಗುವಿಗೆ ಎಣ್ಣೆ ನೀರು, ನನಗೆ ಮೆಣಸಿನ ಸಾರು, ಎಲ್ಲ ಅವರದೇ ಕೈ. ಮಧ್ಯಾಹ್ನ ಮಗುವನ್ನು ತಳ್ಳುಗಾಡಿಯಲ್ಲಿ ಮಲಗಿಸಿಕೊಂಡು ನದಿ ಪಕ್ಕದ ಪಾರ್ಕಿಗೆ ಹೋಗುವುದು ನಮ್ಮಿಬ್ಬರ ರೂಢಿ. ಅಲ್ಲಿ ಬೆಂಚು ಸಿಕ್ಕರೆ ಸಾಕು, ನಿದ್ದೆ ಮಾಡುತ್ತಿದ್ದ ಮಗುವನ್ನೂ ಅತ್ತೆ ಎತ್ತಿಕೊಂಡುಬಿಡುತ್ತಿದ್ದರು. ಈಗಷ್ಟೇ ಮಲಗಿದ್ದಾಳೆ ಅತ್ತೆ ಎಂದು ನಾನು ಗೊಣಗುವುದು, ಅವರು ಕೇಳಿಸದವರ ಹಾಗಿರುವುದು ದಿನದ ಜಗಳವಾಗಿತ್ತು.

ವಿಕ್ಲೋ ಬೆಟ್ಟಗಳಿಗೆ ಹೋಗಿ ಫೋಟೋ ತೆಗೆಯುವ ನನ್ನ ಆಸೆ ಐದು ಕಿಲೋಮೀಟರಿನ ಆಚೆ ಉಳಿಯಿತು. ಇದ್ದುದರಲ್ಲೇ ನೋಡೋಣ ಎಂದು ಪಾರ್ಕಿನ ಅದೇ ಬೀಚ್ ಜಾತಿಯ ಮರಗಳ ಸಾಲನ್ನು ದಿನಾ ತೆಗೆಯತೊಡಗಿದೆ. ಹಾಗೆ ನೋಡಿದಾಗಲೇ ತಿಳಿದದ್ದು, ಎಲೆ ಉದುರುವ ಕಾಲ ಬಂದಾಗ ಮರ ಒಂದೇ ಸಲ ಬಣ್ಣ ಬದಲಿಸುವುದಿಲ್ಲ ಎಂದು. ಬಿಸಿಲಿಗೆ ಚಾಚಿದ ತುದಿ ಮೊದಲು ಹಣ್ಣಾಗುತ್ತದೆ, ನೆರಳಿನ ಕೊಂಬೆ ಹಸಿರಾಗಿಯೇ ಹಟ ಹಿಡಿಯುತ್ತದೆ. ಮೋಡವಿದ್ದ ದಿನ, ಅದೂ ಮಳೆ ಬಿದ್ದು ನಿಂತ ಮೇಲೆ, ಬಣ್ಣ ಗಾಢವಾಗಿ ಬರುತ್ತದೆ. ಇದೆಲ್ಲ ಯಾಕೆ ಹೀಗೆ ಎಂದು ಅತ್ತೆ ಕೇಳುತ್ತಿದ್ದರು. ನನಗೆ ಅರ್ಧ ಗೊತ್ತಿರುತ್ತಿತ್ತು, ಮಿಕ್ಕರ್ಧವನ್ನು ಧೈರ್ಯವಾಗಿ ಹೇಳಿಬಿಡುತ್ತಿದ್ದೆ. ಮರ ನೋಡಿದರೆ ಸುಮ್ಮನೆ ಮಣ್ಣಿನ ಬಣ್ಣ, ಫೋಟೋದಲ್ಲಿ ಇಷ್ಟು ಕೆಂಪು ಎಲ್ಲಿಂದ ಬರುತ್ತದೆ ಎಂದು ಒಮ್ಮೆ ಕೇಳಿದ್ದರು. ಎಲ್ಲ ನನ್ನ ಕೈಚಳಕ ಎಂದು ಬೀಗಿದ್ದೆ.

ಒಂದು ಮಧ್ಯಾಹ್ನ ನಾನು ದಂಡೆಯ ಮೇಲೆ ಟ್ರೈಪಾಡ್ ನಿಲ್ಲಿಸುತ್ತಿದ್ದೆ. ನದಿಯಾಚೆ ಕಿತ್ತಳೆ ಬಣ್ಣದ ಉದ್ದನೆಯ ರೇನ್‌ಕೋಟ್ ತೊಟ್ಟ ಒಬ್ಬರು ನೀರು ನೋಡುತ್ತಾ ಅಲ್ಲಾಡದೆ ನಿಂತಿದ್ದರು.

"ಅಲ್ನೋಡು, ಆ ಸಣ್ಣ ಮರ," ಎಂದರು ಅತ್ತೆ. "ಎಲ್ಲಕ್ಕಿಂತ ಅದೇ ಚೆನ್ನಾಗಿದೆ, ಅದನ್ನ ತೆಗಿ."

ತಮಾಷೆ ಮಾಡುತ್ತಿದ್ದಾರೆಂದು ನಕ್ಕೆ. ಅವರು ನಗಲಿಲ್ಲ. ಅಷ್ಟರಲ್ಲಿ ಆ ಮರ ನಾಯಿಯನ್ನು ಕರೆದುಕೊಂಡು ಹೊರಟೇ ಹೋಯಿತು. ಅತ್ತೆ ಮಾತ್ರ ಕಣ್ಣು ಕಿರಿದು ಮಾಡಿಕೊಂಡು ಇನ್ನೂ ಅಲ್ಲೇ ಹುಡುಕುತ್ತಿದ್ದರು.

ನನ್ನ ಕುತೂಹಲ ಮರಗಳನ್ನು ಬಿಟ್ಟು ಅವರ ಕಡೆ ತಿರುಗಿತು. ಆ ಸೇತುವೆಯ ಮೇಲೆ ಏನಿದೆ, ಈ ಮರದ ತುದಿ ಯಾವ ಬಣ್ಣ ಎಂದು ಒಂದೊಂದೇ ಕೇಳಿದೆ. ಎಲ್ಲ ಚೆನ್ನಾಗಿದೆ ಎನ್ನಲು ಪಕ್ಕದ ಮನೆಯವರಿಂದ ಕಲಿತ 'ಗ್ರ್ಯಾಂಡ್' ಎಂಬ ಒಂದೇ ಮಾತಿನಲ್ಲಿ ಜಾರಿಕೊಳ್ಳಲು ನೋಡಿದರು. ನಾನು ಬಿಡಲಿಲ್ಲ. ಕೊನೆಗೆ ಬೆಂಚಿನ ಮೇಲೆ ಕುಳಿತು ಎಲ್ಲ ಹೇಳಿದರು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ವಾಪಸ್ ಬಂದ ಮೇಲೆ ಆಪರೇಷನ್ ಮಾಡೋಣ ಎಂದು ಮೈಸೂರಿನ ಡಾಕ್ಟರು ಹೇಳಿದ್ದರಂತೆ. ಹೋಗುವುದೇ ಆಗಲಿಲ್ಲ, ಪೊರೆ ಬಲಿಯಿತು. ದೂರದ್ದೆಲ್ಲ ಹೊಗೆ ಕವಿದ ಹಾಗಂತೆ, ಹತ್ತಿರ ಹಿಡಿದದ್ದು ಮಾತ್ರ ಕಾಣುತ್ತದಂತೆ. ಕಣ್ಣೆದುರಿಗಿದ್ದ ಮರಗಳ ಬಣ್ಣವನ್ನೆಲ್ಲ ಅವರು ನೋಡಿದ್ದು ನನ್ನ ಕ್ಯಾಮೆರಾದ ಪರದೆಯಲ್ಲಿ.

"ಮೊದಲೇ ಯಾಕೆ ಹೇಳ್ಲಿಲ್ಲ ಅತ್ತೆ?"

"ಹೇಳಿದ್ರೆ ಮಗೂನ ನನ್ನ ಕೈಗೆ ಕೊಡ್ತಿದ್ಯಾ?"

ಖಂಡಿತ ಕೊಡುತ್ತಿರಲಿಲ್ಲ. ಮನೆಯ ಮೆಟ್ಟಿಲು, ಬಿಸಿನೀರು, ಒದ್ದೆ ಬಚ್ಚಲು ಎಲ್ಲ ಒಟ್ಟಿಗೆ ನೆನಪಾದವು. ಹೆದರಿಕೆಯ ಬೆನ್ನಿಗೇ ಸಿಟ್ಟೂ ಬಂತು. ತಳ್ಳುಗಾಡಿಯನ್ನು ನನ್ನ ಕಡೆ ಎಳೆದುಕೊಂಡೆ. ಅದು ಅವರಿಗೆ ಕಂಡಿತೋ ಇಲ್ಲವೋ, ಚಕ್ರದ ಸದ್ದಂತೂ ಕೇಳಿಸಿರಬೇಕು.

ಅವರು ಕೈ ಚಾಚಲಿಲ್ಲ.

"ಮೆಟ್ಟಿಲು ಬೇಡ, ಸ್ನಾನಾನೂ ನೀನೇ ಮಾಡ್ಸು," ಎಂದರು. "ನಾನು ಕೂತಿರೋವಾಗ ಕೊಡು, ಸಾಕು. ಗಾಡೀಲಿ ಮಲಗಿದ್ರೆ ಅವಳ ಮುಖ ನಂಗೆ ಕಾಣಲ್ಲ ಕಣಮ್ಮ. ಎತ್ಕೊಂಡ್ರೆ ಮಾತ್ರ ಕಾಣ್ತಾಳೆ."

ಮಗು ಗಾಢ ನಿದ್ದೆಯಲ್ಲಿತ್ತು. ಎಚ್ಚರವಾದರೆ ಆಗಲಿ ಎಂದು ಎತ್ತಿ ಅವರ ಮಡಿಲಲ್ಲಿಟ್ಟೆ.