ಅತ್ತಿಮರದ ಕಸ

ಇದನ್ನು ಕತೆ ಎಂದುಕೊಳ್ಳುವವರು ಇಲ್ಲಿಗೇ ನಿಲ್ಲಿಸಬಹುದು, ನನಗೇನೂ ಬೇಜಾರಿಲ್ಲ. ಕತೆ ಕಟ್ಟುವ ಬುದ್ಧಿ ಇದ್ದಿದ್ದರೆ ನಾನು ಮರ ಹತ್ತಿ ಹೊಟ್ಟೆ ಹೊರೆಯುತ್ತಿರಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಊಟ ಮಾಡುತ್ತಾ ಓದಬೇಡಿ, ಅಷ್ಟೇ.

ಎಪ್ಪತ್ತರ ದಶಕದ ಮಾತು. ನಾನು ಸರ್ಕಾರಿ ತೋಟವೊಂದರಲ್ಲಿ ಮಾಲಿ. ಭಾನುವಾರ ಮಾತ್ರ ಮನೆಗಳಿಗೆ ಹೋಗಿ ಮುದಿ ಮರಗಳ ರಿಪೇರಿ ಮಾಡುತ್ತಿದ್ದೆ. ಪೊಟರೆ ಬಿದ್ದ ಮರವಾದರೆ ಒಳಗೆ ಕೊಳೆತದ್ದನ್ನೆಲ್ಲ ಕೆರೆದು, ಡಾಂಬರು ಬಳಿದು, ಇಟ್ಟಿಗೆ ಚೂರು ಮತ್ತು ಸಿಮೆಂಟು ತುಂಬಿ ಬಾಯಿ ಮುಚ್ಚುವುದು. ಹಲ್ಲಿನ ಡಾಕ್ಟರು ಹುಳುಕು ಹಲ್ಲು ತುಂಬುತ್ತಾರಲ್ಲ, ಹಾಗೆ. ಆಗ ಅದೇ ಪದ್ಧತಿ. ಜನ ನನ್ನನ್ನು ಮರದ ಡಾಕ್ಟ್ರು ಅನ್ನುತ್ತಿದ್ದರು, ನಾನೂ ಸ್ವಲ್ಪ ಬೀಗುತ್ತಿದ್ದೆ.

ವಿಜಯನಗರ ಆಗಿನ್ನೂ ಅರ್ಧ ಬಡಾವಣೆ, ಅರ್ಧ ಹೊಲ. ಅಲ್ಲಿ ಶ್ರೀಕಂಠಯ್ಯ ಎಂಬ ಹೈಸ್ಕೂಲು ಮೇಷ್ಟ್ರು ಮನೆ ಕಟ್ಟಿಕೊಂಡಿದ್ದರು. ಸೈಟಿನ ಹಿಂಭಾಗದಲ್ಲಿ ಹಳೇ ಅತ್ತಿಮರ. ಅತ್ತಿಮರ ಕಡಿಯಬಾರದೆಂದು ಅದನ್ನು ಉಳಿಸಿಕೊಂಡೇ ಮನೆ ಎಬ್ಬಿಸಿದ್ದರು. ಈಗ ಪೊಟರೆ ದೊಡ್ಡದಾಗಿ, ಮರ ಎಲ್ಲಿ ಬಾಣಂತಿ ಮಗಳ ಕೋಣೆಯ ಮೇಲೆ ಬೀಳುತ್ತದೋ ಎಂದು ನನಗೆ ಹೇಳಿಕಳಿಸಿದ್ದರು.

ಮೇಷ್ಟ್ರ ಹೆಂಡತಿ ತೀರಿಕೊಂಡಿದ್ದರು. ಮಗಳು ವಿಮಲ ಒಂದೂವರೆ ತಿಂಗಳ ಬಾಣಂತಿ. ಹೆತ್ತಾಗಿನಿಂದ ಅವಳ ಎದೆಯಲ್ಲಿ ಒಂದು ತೊಟ್ಟು ಹಾಲಿಲ್ಲ. ಡಬ್ಬದ ಪುಡಿ ಕಲಸಿ ಕೊಟ್ಟರೆ ಮಗು ಅಷ್ಟನ್ನೂ ಕಕ್ಕುತ್ತಿತ್ತು. ಅದಕ್ಕೆ ಒಗ್ಗಿದ್ದು ಹಿಂದಿನ ಬೀದಿಯ ಕೆಂಚಮ್ಮನ ಹಸುವಿನ ಹಾಲೊಂದೇ. ಆ ಹಸು ಕರು ಹಾಕಿದ್ದೂ ಮಗು ಹುಟ್ಟಿದ ವಾರವೇ.

"ಆ ಹಸು ಇಲ್ದೇ ಇದ್ದಿದ್ರೆ ಈ ಮಗು ಉಳೀತಿರ್ಲಿಲ್ಲ ಕಣಯ್ಯ" ಎಂದರು ಮೇಷ್ಟ್ರು.

ಕೆಂಚಮ್ಮ ಹೊಸಹಳ್ಳಿಯ ಹಳೇ ಒಕ್ಕಲಿನ ಮುದುಕಿ. ಆ ಬೀದಿಯ ಸೈಟುಗಳೆಲ್ಲ ಒಂದು ಕಾಲಕ್ಕೆ ಅವಳ ರಾಗಿ ಹೊಲ. ಬೆಳಗ್ಗೆ ಹಾಲಿನ ಚೊಂಬು ಹಿಡಿದು ಬಂದವಳು ನಾನು ಏಣಿ ಒರಗಿಸುವುದನ್ನು ನೋಡಿ ನಿಂತಳು.

"ಸೋಮಿ, ಮರಕ್ಕೆ ಏನಾರ ಮಾಡ್ಕಳಿ. ಒಳಗಿರೋ ಕಸ ಮಾತ್ರ ತೆಗೀಬ್ಯಾಡಿ."

"ಕಸ ತೆಗೀದೆ ಸಿಮೆಂಟ್ ಹಾಕಿದ್ರೆ ಒಳಗೇ ಕೊಳೆಯುತ್ತೆ ಕಣಮ್ಮ."

"ಕೊಳೀಲಿ ಬುಡಿ. ಅದು ಅಲ್ಲೇ ಇರ್ಬೇಕು."

ನನಗೆ ಉರಿದುಹೋಯಿತು. ಪೊಟರೆ ಗುಡಿಸುವುದೇ ಈ ಕೆಲಸದ ಮೊದಲ ಪಾಠ, ಇವಳು ನನಗೆ ಹೇಳಿಕೊಡುತ್ತಾಳೆ. ವಾದ ಯಾಕೆಂದು "ಆಯ್ತಮ್ಮ, ತೆಗಿಯಲ್ಲ" ಎಂದು ಸಾಗಹಾಕಿದೆ. ಕಸ ಎಂದರೆ ಕಸ ಎಂದುಕೊಂಡಿದ್ದೆ. ನಾನು ಕಂಟೋನ್ಮೆಂಟಿನ ಬಂಗಲೆಯೊಂದರ ಔಟ್‌ಹೌಸಿನಲ್ಲಿ ಹುಟ್ಟಿ ಬೆಳೆದವನು. ದನ ಸಾಕಿದವನಲ್ಲ.

ಮೇಲಿನ ಪದರ ಮಾಮೂಲು. ಬಾವಲಿ ಹಿಕ್ಕೆ, ಜೇಡ, ಕರೀ ರಾಡಿ. ಮೊಣಕೈವರೆಗೆ ಕೈ ಇಳಿಸಿದಾಗ ಮೆತ್ತಗೆ ಏನೋ ಸಿಕ್ಕಿತು. ಗೋಣಿಚೀಲದ ಗಂಟು. ಹಿಡಿದು ಎಳೆದೆ. ಅರ್ಧಕ್ಕೆ ಬಂದು ಪಿಸಕ್ಕನೆ ಒಡೆಯಿತು...

ಆ ವಾಸನೆಗೆ ನನ್ನ ಬಳಿ ಮಾತಿಲ್ಲ. ಸತ್ತ ಇಲಿ, ಸತ್ತ ಬೆಕ್ಕು ಎಲ್ಲ ಈ ಕೈಯಿಂದಲೇ ತೆಗೆದಿದ್ದೇನೆ. ಇದು ಅದಲ್ಲ. ಕೊಳೆತ ಮಾಂಸದ ಜೊತೆಗೆ ಒಡೆದ ಹಾಲಿನ ಸಿಹಿ. ಒಳಗಿನದು ಲೋಳೆಲೋಳೆಯಾಗಿ ಮೊಣಕೈಯಿಂದ ಕಂಕುಳಿಗೆ ಇಳಿಯಿತು. ಅದರ ತುಂಬ ಬಿಳೀ ಹುಳು ಮಿಜಿಗುಟ್ಟುತ್ತಿದ್ದವು. ಏಣಿಯ ಮೇಲಿಂದಲೇ ವಾಂತಿ ಮಾಡಿದೆ.

ಅದರ ಕೆಳಗೆ ಇನ್ನೊಂದು ಗಂಟು, ಅದರ ಕೆಳಗೆ ಮತ್ತೊಂದು. ಒಟ್ಟು ಐದು. ತಳದಲ್ಲಿದ್ದವು ಒಣಗಿ ಚಕ್ಕಳವಾಗಿದ್ದವು. ಯಾವ ಹೊಲಸು ಜನವಪ್ಪ ಎಂದು ಬೈದುಕೊಳ್ಳುತ್ತಾ ಎಲ್ಲವನ್ನೂ ಒಯ್ದು ಬೀದಿಯ ಮೋರಿಗೆ ಸುರಿದೆ. ಎಲ್ಲಿದ್ದವೋ ನಾಯಿಗಳು, ಬಂದು ಕಿತ್ತಾಡಿಕೊಂಡು ತಿಂದವು. ಗೋಣಿಯನ್ನೂ ಬಿಡದೆ ನೆಕ್ಕಿದವು. ಪೀಡೆ ಕಳೆಯಿತು ಎಂದುಕೊಂಡು ಡಾಂಬರು ಬಳಿದು, ಸಂಜೆ ಹೊತ್ತಿಗೆ ಪೊಟರೆಯ ಬಾಯಿಗೆ ಸಿಮೆಂಟು ಮೆತ್ತಿದೆ. ಸಿಮೆಂಟು ಬಿಗಿಯುವವರೆಗೆ ಬಿಟ್ಟು ಹೋಗುವಂತಿಲ್ಲ, ಜಾರಿಬಿಡುತ್ತದೆ. ಒದ್ದೆ ಗೋಣಿ ಹೊದಿಸಿ ಬುಡದಲ್ಲಿ ಕೂತೆ.

ಬಿನ್ನಿಪೇಟೆ ಕಡೆಯಿಂದ ಮಿಲ್ಲಿನ ಸೈರನ್ ಕೇಳಿಸಿತು. ಕತ್ತಲಾಯಿತು. ಹಿಂದೆಯೇ ಕರೆಂಟೂ ಹೋಯಿತು. ಒಳಗೆ ಮಗು ಅಳುತ್ತಿತ್ತು. ಸಂಜೆಯ ಹಾಲು ಇನ್ನೂ ಬಂದಿರಲಿಲ್ಲ.

ಕೆಂಚಮ್ಮ ಲಾಟೀನು ಹಿಡಿದು ಬಂದಳು. ಇನ್ನೊಂದು ಕೈಯಲ್ಲಿ ಖಾಲಿ ಚೊಂಬು.

"ಹಸ ಹಾಲೇ ಇಳಿಸ್ತಿಲ್ಲ. ಬೆಳಗ್ಗೆ ಎರಡು ಸೇರು ಕೊಟ್ಟಿದ್ದು ಈಗ ತೊಟ್ಟೂ ಇಲ್ಲ. ಸೋಮಿ... ಕಸ ತೆಗುದ್ರಾ?"

ನಾನು ಕರಣೆಗೆ ಮೆತ್ತಿದ್ದ ಸಿಮೆಂಟು ಕೆರೆಯತೊಡಗಿದೆ.

"ಏನ್ ಮಾಡುದ್ರಿ ಅದುನ್ನ?"

"ಮೋರಿಗೆ ಹಾಕ್ದೆ. ನಾಯಿ ತಿಂದ್ವು."

ಮುದುಕಿ ನಿಂತಲ್ಲೇ ಕುಕ್ಕರಿಸಿದಳು. ಬೈಯಲಿಲ್ಲ. ಮಗುವಿಗೆ ಪಾಠ ಹೇಳುವ ಹಾಗೆ ಮೆಲ್ಲಗೆ ಹೇಳಿದಳು. "ಹಸ ಕರು ಹಾಕುದ್ಮೇಲೆ ಹಿಂದಿಂದ ಬೀಳ್ತದಲ್ಲ, ಅದೇ ಕಸ. ಹಾಲು ಬರೋ ಮರುಕ್ಕೇ ಕಟ್ಬೇಕು. ನಾಯಿ ಬಾಯಿ ಹಾಕುದ್ರೆ ಕೆಚ್ಚಲು ಬತ್ತೋಯ್ತದೆ. ಮುಂಚೆ ಕೊಂಬೆಗೆ ಕಟ್ತಿದ್ದೆ. ಮೇಷ್ಟ್ರು ವಾಸ್ನೆ ಅಂತಾರೆ ಅಂತ ಒಳೀಕೆ ಮಡುಗ್ತಿದ್ದೆ."

ಒಳಗೆ ಮಗುವಿನ ಅಳು ಕೀರಲಾಗುತ್ತಿತ್ತು. ಮೇಷ್ಟ್ರು ಡಬ್ಬದ ಹಾಲು ಕುಡಿಸಲು ನೋಡಿದ್ದು, ಅದು ಕಕ್ಕಿದ್ದು, ವಿಮಲ ಬಿಕ್ಕಿದ್ದು ಎಲ್ಲ ಕೇಳಿಸಿತು. ಒಂದು ಕೂಸಿನ ಹೊಟ್ಟೆಗೆ ನಾನು ಮಣ್ಣು ಹಾಕಿದ್ದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಆಗ ಕೇಳಿಸಿತು... ಚುರ್... ಚುರ್... ಚುರ್...

ಚೊಂಬಿಗೆ ಹಾಲು ಕರೆಯುವ ಸದ್ದು. ಮೊದಲು ಖಾಲಿ ಪಾತ್ರೆಗೆ ಬಿದ್ದ ಹಾಗೆ ತೆಳ್ಳಗೆ, ಆಮೇಲೆ ತುಂಬುತ್ತಾ ಬಂದ ಹಾಗೆ ದಪ್ಪಗೆ. ಬರುತ್ತಿದ್ದದ್ದು ಮರದ ಒಳಗಿನಿಂದ.

ಕೆಂಚಮ್ಮ ನನ್ನ ತೋಳು ಹಿಡಿದುಕೊಂಡಳು. ಹಾಗಾದರೆ ನನಗೊಬ್ಬನಿಗೇ ಕೇಳಿಸಿದ್ದಲ್ಲ. ಲಾಟೀನು ಎತ್ತಿ ಗೋಣಿ ಸರಿಸಿದೆ. ಸಿಮೆಂಟಿನ ಅಂಚಿನಿಂದ ಏನೋ ಒಸರುತ್ತಿತ್ತು. ಅತ್ತಿಯ ಹಾಲು, ಅಷ್ಟೇ, ಎಂದು ನನಗೆ ನಾನೇ ಹೇಳಿಕೊಂಡು ಬೆರಳಿಟ್ಟೆ. ಬೆಚ್ಚಗಿತ್ತು. ಹಳದಿ, ಮಂದ, ನಡುವೆ ನೂಲಿನಂಥ ಕೆಂಪು. ಅದೇ ವಾಸನೆ.

ಮುದುಕಿ ನನ್ನ ಬೆರಳು ಹಿಡಿದು ಮೂಸಿದಳು. "ಗಿಣ್ಣು ಹಾಲು" ಎಂದಳು. "ಹಸ ಈದು ಒಂದೂವರೆ ತಿಂಗಳಾಯ್ತು. ಗಿಣ್ಣು ಮೂರು ದಿನದ್ದು ಕನಪ್ಪ. ಇದೆಲ್ಲಿಂದ ಬಂತು?"

ಮಗು ಥಟ್ಟನೆ ಅಳು ನಿಲ್ಲಿಸಿತು. ಮರದ ಸದ್ದೂ ನಿಂತಿತು. ಒಳಗಿನಿಂದ ಮೇಷ್ಟ್ರು, "ಕುಡೀತಿದೆ... ವಿಮಲಾ, ಮಗು ಎದೆ ಹಾಲು ಕುಡೀತಿದೆ" ಎಂದು ಅಳುತ್ತಾ ನಗುವುದು ಕೇಳಿಸಿತು.

ಕೆಂಚಮ್ಮ ಲಾಟೀನನ್ನು ನನ್ನ ಬಳಿಯೇ ಬಿಟ್ಟು ಕತ್ತಲಲ್ಲಿ ಹೊರಟುಹೋದಳು. ಹಿಂದಕ್ಕೆ ತಿರುಗಿಯೂ ನೋಡಲಿಲ್ಲ.

ಸ್ವಲ್ಪ ಹೊತ್ತಿಗೆ ಮೇಷ್ಟ್ರು ಮಗುವನ್ನು ಹಿಂಬಾಗಿಲಿಗೆ ಎತ್ತಿಕೊಂಡು ಬಂದರು. "ನಿನ್ನ ಕಾಲ್ಗುಣ ಕಣಯ್ಯ. ಮರಕ್ಕೆ ಔಷಧಿ ಮಾಡೋಕೆ ಬಂದೆ, ಮನೆಗೇ ಒಳ್ಳೇದಾಯ್ತು. ಹಿಡ್ಕೋ" ಎಂದು ನನ್ನ ಕೈಗೆ ಕೊಡಲು ಬಂದರು. ಮಗು ಹೊಟ್ಟೆ ತುಂಬಿ ತೂಕಡಿಸುತ್ತಿತ್ತು. ಗಲ್ಲದ ಮೇಲೆ ಹಳದಿ ಲೋಳೆ ಇಳಿದಿತ್ತು. ಅದು ತೇಗಿತು...

ಅದೇ ವಾಸನೆ, ಪೊಟರೆಯ ಬಾಯಿ ಮತ್ತೆ ತೆರೆದ ಹಾಗಾಯಿತು. ನಾನು ಎರಡು ಹೆಜ್ಜೆ ಹಿಂದೆ ಸರಿದು ಕೈ ಬೆನ್ನ ಹಿಂದೆ ಕಟ್ಟಿಕೊಂಡೆ. "ಕೈಯೆಲ್ಲ ಡಾಂಬರು ಸಾರ್" ಎಂದೆ. ಹಸುಗೂಸನ್ನು ನೋಡಿ ನನಗೆ ಅಸಹ್ಯವಾಗಿತ್ತು. ಮೇಷ್ಟ್ರಿಗೆ ವಾಸನೆ ಬಡಿದಂತೆ ಕಾಣಲಿಲ್ಲ. ಅವರು ಮಗುವಿನ ಹಣೆಗೆ ಮುತ್ತಿಡುತ್ತಿದ್ದರು.

ಬಾಗಿಲ ಮರೆಯಲ್ಲಿ ತಲೆಗೆ ಬಟ್ಟೆ ಕಟ್ಟಿಕೊಂಡು ವಿಮಲ ನಿಂತಿದ್ದಳು. ನಾನು ಹಿಂದೆ ಸರಿದದ್ದನ್ನು ಅವಳು ನೋಡಿದ್ದಳು. ಮಗುವನ್ನು ತಂದೆಯ ಕೈಯಿಂದ ತೆಗೆದುಕೊಂಡು, ಅವರು ಒಳಗೆ ಹೋಗುವವರೆಗೂ ಕಾದಳು. ಆಮೇಲೆ ಪಿಸುದನಿಯಲ್ಲಿ ಕೇಳಿದಳು.

"ಅಣ್ಣ... ನಿಮಗೂ ವಾಸನೆ ಬಂತಾ?"

"ಇಲ್ವಲ್ಲಮ್ಮ" ಎಂದೆ. "ಏನೂ ಇಲ್ಲ."

ಅವಳು ನನ್ನ ಮುಖವನ್ನೇ ನೋಡಿದಳು. ಮಗು ಮತ್ತೆ ಬಾಯಿ ಚಪ್ಪರಿಸತೊಡಗಿತು. ಅವಳು ಸೆರಗನ್ನು ಮೂಗಿಗೆ ಒತ್ತಿಕೊಂಡು ಒಳಗೆ ಹೋದಳು.

ಆ ಹಸು ಮತ್ತೆ ಹಾಲು ಕೊಡಲಿಲ್ಲವಂತೆ. ಮಗು ಮಾತ್ರ ಗುಂಡಗೆ ಬೆಳೆಯಿತಂತೆ. ಮರದೊಳಗೆ ಏನಿತ್ತೆಂದು ನನಗೆ ಇವತ್ತಿಗೂ ಗೊತ್ತಿಲ್ಲ, ಗೊತ್ತುಮಾಡಿಕೊಳ್ಳುವ ಆಸೆಯೂ ಇಲ್ಲ. ನನ್ನ ನಿದ್ದೆ ಕೆಡಿಸುವುದು ಆ ಸದ್ದಲ್ಲ. ಹೌದಮ್ಮ, ನನಗೂ ಬಂತು ಎಂದಿದ್ದರೆ ಆ ಹುಡುಗಿಗೆ ಜೊತೆಗೊಬ್ಬರಾದರೂ ಇರುತ್ತಿದ್ದರು. ಇನ್ನೂ ಎಷ್ಟು ತಿಂಗಳು ಅವಳೊಬ್ಬಳೇ ಆ ಕೋಣೆಯಲ್ಲಿ ಮೂಗು ಮುಚ್ಚಿಕೊಂಡು ಮಗುವಿಗೆ ಎದೆ ಕೊಟ್ಟಳೋ.