ತಿರುಗಣೆ ಗೇಟಿನ ನಮ್ಮ ಭಾವ

ನಮ್ಮ ಭಾವ ಕಳ್ಳರಲ್ಲ. ಮೊದಲು ಇಷ್ಟನ್ನು ಹೇಳಿಬಿಡುತ್ತೇನೆ, ಉಳಿದದ್ದನ್ನು ನಿಧಾನವಾಗಿ ಹೇಳಬಹುದು. ನಿಧಾನ ಅನ್ನುವುದು ನನಗೆ ಒಲಿಯದ ವಿದ್ಯೆ. ನಾನು ವೆಲ್ಡಿಂಗ್ ಕೆಲಸದವನು, ಓದಿದ್ದು ಕಡಿಮೆ, ರೇಗುವುದು ಜಾಸ್ತಿ. ಕಬ್ಬಿಣಕ್ಕೆ ನನ್ನ ಸಿಟ್ಟು ತಡೆಯುತ್ತದೆ, ಜನಕ್ಕೆ ತಡೆಯುವುದಿಲ್ಲ.

ಭಾವ ಎಂದರೆ ನನ್ನ ಅಕ್ಕನ ಗಂಡ. ನಮ್ಮೂರ ಫುಟ್‌ಬಾಲ್ ಕ್ಲಬ್ಬಿನ ಮೈದಾನದ ಪೂರ್ವದ ಗೇಟಿನಲ್ಲಿ ಕೆಲಸ. ಅಕ್ಕನನ್ನು ಕಟ್ಟಿಕೊಳ್ಳುವ ಮೊದಲೇ ಆ ಗೇಟನ್ನು ಕಟ್ಟಿಕೊಂಡಿದ್ದರು ಎಂದು ಅಕ್ಕ ಹಂಗಿಸುತ್ತಿದ್ದಳು. ಗೇಟು ಎಂದರೆ ಬಾಗಿಲಲ್ಲ, ತಿರುಗಣೆ. ಸೊಂಟದೆತ್ತರಕ್ಕೆ ಮೂರು ಕಬ್ಬಿಣದ ಕಂಬಿ. ಬಂದವರ ಟಿಕೆಟ್ ಹರಿದು, ಅರ್ಧ ಡಬ್ಬಕ್ಕೆ ಹಾಕಿ, ಅರ್ಧ ಅವರ ಕೈಗೆ ಕೊಟ್ಟು, ಕಾಲಿನಿಂದ ಪೆಡಲ್ ಒತ್ತಿದರೆ ಕಂಬಿ ಸಡಿಲವಾಗುತ್ತದೆ. ತಳ್ಳಿಕೊಂಡು ಒಳಗೆ ಹೋದರೆ ತಿರುಗಣೆಯ ಮೀಟರಿನ ಅಂಕಿ ಒಂದು ಏರುತ್ತದೆ. ಆಟಕ್ಕೆ ಎಷ್ಟು ಜನ ಬಂದರು ಎಂದು ಪೇಪರಿನಲ್ಲಿ ಬರುತ್ತದಲ್ಲ, ಅದು ಆ ಅಂಕಿ.

ಆದರೆ ಮಕ್ಕಳು ಕಂಬಿ ತಳ್ಳುತ್ತಿರಲಿಲ್ಲ. ಅಪ್ಪನೋ ಅಮ್ಮನೋ ಟಿಕೆಟ್ ಕೊಟ್ಟು ಒಳಗೆ ಹೋಗಿ ಆಚೆ ನಿಲ್ಲುತ್ತಿದ್ದರು. ಭಾವ ಮಗುವಿನ ಕಂಕುಳಿಗೆ ಕೈ ಹಾಕಿ, ಕಂಬಿಯ ಮೇಲಿಂದ ಎತ್ತಿ, ಆಚೆ ಇಳಿಸುತ್ತಿದ್ದರು. ಮಗುವಿಗೆ ಟಿಕೆಟ್ ಇಲ್ಲ. ಕ್ಲಬ್ ಹುಟ್ಟಿದಂದಿನಿಂದ ನಡೆದುಬಂದ ಪದ್ಧತಿ, ಯಾವ ಕಾಗದದಲ್ಲೂ ಬರೆದದ್ದಲ್ಲ. ಸಂಸಾರಸ್ಥರೆಲ್ಲ ಪೂರ್ವದ ಗೇಟಿಗೇ ಬರುತ್ತಿದ್ದದ್ದು ಅದಕ್ಕೆ. ಮಕ್ಕಳು ಅವರನ್ನು ‘ಎತ್ತೋ ಮಾಮ’ ಅನ್ನುತ್ತಿದ್ದವು. ಒಮ್ಮೆ ಒಬ್ಬಾತ ತನ್ನಷ್ಟೇ ಎತ್ತರದ ಮಗನನ್ನು ಮುಂದೆ ತಳ್ಳಿ, “ಇನ್ನೂ ಚಿಕ್ಕೋನು, ಎತ್ತಿಬಿಡಿ” ಅಂದ.

“ಎತ್ತೋಣ. ಮೊದಲು ಮೀಸೆ ಬೋಳಿಸ್ಕೊಂಡು ಬರ್ಲಿ” ಅಂದರು ಭಾವ. ಸಾಲಿಗೆ ಸಾಲೇ ನಕ್ಕಿತು. ಆತ ತೆಪ್ಪಗೆ ಟಿಕೆಟ್ ತಂದ.

ಹಾಗೆ ಎತ್ತಿ ಎತ್ತಿ ಅವರ ಬಲಗಡೆ ಭುಜ ಎಡಕ್ಕಿಂತ ಕೆಳಗೆ ಜಗ್ಗಿತ್ತು. ಅಂಗಿ ಹೊಲಿಯುವವನು ಅಳತೆ ತೆಗೆಯುವಾಗಲೆಲ್ಲ ಗೊಣಗುತ್ತಿದ್ದ.

ರೈಲು ನಿಲ್ದಾಣದ ಹಿಂದೆ ಬಾಸ್ಕೆಟ್‌ಬಾಲ್ ಲೀಗಿನವರು ಹೊಸ ಹಾಲ್ ಕಟ್ಟಿದ ವರ್ಷ ನಮ್ಮ ಲೀಗಿನ ಕಚೇರಿಯಿಂದ ಒಬ್ಬ ಕೋಟಿನವನು ಬಂದ. ನಾನು ಕ್ಲಬ್ಬಿನ ಕೋಣೆಯಲ್ಲಿ ಮುರಿದ ಬೆಂಚು ಬೆಸೆಯುತ್ತಿದ್ದೆ. ಅವನು ಕೆಲಸದವರನ್ನೆಲ್ಲ ಕೂರಿಸಿ ಗೋಡೆಯ ಮೇಲೆ ಚಿತ್ರ ಬಿಟ್ಟ. ಬಾಸ್ಕೆಟ್‌ಬಾಲ್‌ನವರ ಹಾಲ್ ನಮ್ಮ ಮೈದಾನದ ಅರ್ಧವೂ ಇಲ್ಲ, ಆದರೆ ದಿನಾ ಭರ್ತಿ, ಬಂದವನು ಟಿಕೆಟ್ಟಿನಷ್ಟೇ ದುಡ್ಡು ತಿಂಡಿಗೂ ಸುರಿಯುತ್ತಾನೆ. ಹಾಕಿಯವರಿಗೆ ಜನ ಕಡಿಮೆ, ಟಿಕೆಟ್ ದುಬಾರಿ, ಟೀವಿ ದುಡ್ಡು ಬೇರೆ. ನಮ್ಮದು? ಟಿಕೆಟ್ ಅಗ್ಗ, ಜನ ಬುತ್ತಿ ಕಟ್ಟಿಕೊಂಡು ಬರುತ್ತಾರೆ.

“ಹೊಟ್ಟೆಗೂ ಟಿಕೆಟ್ ಹರೀಬೇಕಾ ಸ್ವಾಮಿ?” ಅಂದರು ಭಾವ. ಯಾರೂ ನಗಲಿಲ್ಲ.

ಕೋಟಿನವನು ಪೂರ್ವದ ಕಡೆ ಜನ ಕೂರುವ ನಮ್ಮ ಮೆಟ್ಟಿಲುಗಳ ಫೋಟೋ ತೋರಿಸಿದ. “ಇಲ್ಲಿ ನೋಡಿ, ಕಾಲಿಡೋಕೆ ಜಾಗ ಇಲ್ಲ. ಅಂಕಿ ನೋಡಿದ್ರೆ ಅರ್ಧ ಖಾಲಿ. ಫೋಟೋದಲ್ಲಿರೋ ಜನ ಲೆಕ್ಕದಲ್ಲಿ ಎಲ್ಲಿ ಹೋದ್ರು?” ನಮ್ಮ ಕ್ಲಬ್ಬಿನ ಕಾರ್ಯದರ್ಶಿ ಕೆಮ್ಮಿದ. ಅವನಿಗೆ ಗೊತ್ತಿತ್ತು, ಎಲ್ಲರಿಗೂ ಗೊತ್ತಿತ್ತು. ಕೋಟಿನವನು ಕೊನೆಗೆ ಗೆರೆ ಎಳೆದ: ಈ ಸೀಸನ್ನಿಗೆ ಸರಾಸರಿ ಆರು ಸಾವಿರ ಜನ ಬರಬೇಕು. ಬರದಿದ್ದರೆ ಲೀಗಿನಲ್ಲಿ ನಮ್ಮ ಜಾಗ ಬೇರೆ ಊರಿಗೆ.

ಅವತ್ತು ಸಂಜೆ ಊಟಕ್ಕೆ ಕೂತಾಗ ಭಾವ ತುತ್ತು ಕೈಯಲ್ಲೇ ಹಿಡಿದುಕೊಂಡು, “ಆ ಮಕ್ಕಳು ಜನ ಅಲ್ವೇನೋ?” ಅಂದರು.

“ಜನವೇ. ಅದಕ್ಕೇನೀಗ?”

“ಬಂದಿರೋದು ನಿಜ, ಕೂತು ನೋಡೋದು ನಿಜ. ಕಂಬಿ ತಿರುಗಿಲ್ಲ ಅಷ್ಟೆ. ಒಂದು ಮಗು ಎತ್ತಿದ್ಮೇಲೆ ಒಂದ್ಸಲ ನಾನೇ ತಿರುಗಿಸಿದ್ರೆ?”

“ಆಫೀಸಲ್ಲಿ ಒಂದು ಮಾತು ಕೇಳಿ ಮಾಡಿ” ಅಂದಳು ಅಕ್ಕ.

“ಕೇಳಿದ್ರೆ ಬೇಡ ಅಂತಾರೆ ಕಣೇ. ಸುಳ್ಳು ಹೇಳ್ತಿಲ್ವಲ್ಲ ನಾನು, ನಿಜಾನ ಎಣಿಸ್ತಿದೀನಿ.”

ನನಗೂ ಸರಿ ಅನಿಸಿತು. ಈಗಲೂ ಅದು ತಪ್ಪು ಎಂದು ಯಾರಾದರೂ ನನ್ನೆದುರು ಹೇಳಲಿ ನೋಡೋಣ.

ಮುಂದಿನ ಆಟದಿಂದ ಶುರು. ಮಗುವನ್ನು ಎತ್ತಿ ಇಳಿಸುವುದು, ಪೆಡಲ್ ಒತ್ತುವುದು, ಖಾಲಿ ಕಂಬಿಯನ್ನು ಕೈಯಲ್ಲಿ ತಿರುಗಿಸುವುದು. ಅಂಕಿ ಏರಿತು. ಆರು ಸಾವಿರ ದಾಟಿತು. ಪೇಪರಿನಲ್ಲಿ ಮೈದಾನದ ಫೋಟೋ ಬಂತು. ಕಾರ್ಯದರ್ಶಿ ಗೇಟಿನವರೆಗೂ ನಡೆದುಬಂದು ಭಾವನ ಬೆನ್ನು ತಟ್ಟಿದ. ಹೇಗೆ ಏರಿತು ಎಂದು ಕೇಳಲಿಲ್ಲ. ಬರುವ ಲಕ್ಷ್ಮಿಯನ್ನು ಯಾರಾದರೂ ಯಾವ ದಾರಿಯಲ್ಲಿ ಬಂದೆ ಎಂದು ಕೇಳುತ್ತಾರೆಯೇ?

ಆದರೆ ಅಂಕಿ ಬಂದಿತ್ತೇ ಹೊರತು ಲಕ್ಷ್ಮಿ ಬಂದಿರಲಿಲ್ಲ. ಸೀಸನ್ ಮುಗಿಯುವ ಮೊದಲೇ ಕೋಟಿನವನು ಮತ್ತೆ ಬಂದ. ಬೇರೆ ಲೀಗುಗಳಲ್ಲಿ ತಲೆಗಳ ಲೆಕ್ಕ ಏರಿದರೆ ದುಡ್ಡೂ ಜೊತೆಗೆ ಏರುತ್ತದೆ. ಇಲ್ಲಿ ತಲೆ ಏರಿದೆ, ದುಡ್ಡು ಮಲಗಿದ ಜಾಗದಲ್ಲೇ ಮಲಗಿದೆ. ಏರಿದ ತಲೆಗಳೆಲ್ಲ ಪೂರ್ವದ ಗೇಟಿನವು. ಅಂದಮೇಲೆ ಗೇಟಿನವನು ಟಿಕೆಟ್ ಹರಿಯದೆ ದುಡ್ಡು ಜೇಬಿಗೆ ಇಳಿಸಿ ಒಳಗೆ ಬಿಟ್ಟಿದ್ದಾನೆ. ಇಷ್ಟು ಸಲೀಸಾಗಿ ನಮ್ಮ ಭಾವ ಕಳ್ಳರಾದರು.

ಲೀಗಿನವರು ವಿಚಾರಣೆಗೆ ಕರೆದರು. ಅದರ ಹಿಂದಿನ ದಿನ ಮಧ್ಯಾಹ್ನ ಕಾರ್ಯದರ್ಶಿ ನಮ್ಮ ಮೂರನೆಯ ಮಹಡಿಯ ಮನೆಗೆ ಏದುಸಿರು ಬಿಡುತ್ತ ಹತ್ತಿಬಂದ. ಕುರ್ಚಿ ಕೊಟ್ಟರೂ ಕೂರಲಿಲ್ಲ.

“ಮಕ್ಕಳನ್ನ ಪುಕ್ಕಟೆ ಬಿಡೋದು ಲೀಗಿನವರಿಗೆ ಗೊತ್ತಿಲ್ಲ. ಪ್ರತಿ ತಲೆಗೂ ಅವರಿಗೆ ಪಾಲು ಹೋಗ್ಬೇಕು. ಗೊತ್ತಾದ್ರೆ ಹಳೇ ವರ್ಷಗಳದ್ದೆಲ್ಲ ಕೇಳ್ತಾರೆ, ಗೋಲ್ ಕಂಬ ಮಾರಿದ್ರೂ ತೀರಲ್ಲ. ಇದು ಕಳ್ಳತನ ಅಂತಲೇ ಉಳಿದ್ರೆ, ಜನ ಬಂದಿದ್ದಂತೂ ನಿಜ ಅಂತಾಗುತ್ತೆ. ಆರು ಸಾವಿರ ಉಳಿಯುತ್ತೆ, ಕ್ಲಬ್ ಉಳಿಯುತ್ತೆ. ನೀವು ಸುಮ್ನಿದ್ರೆ ಸಾಕು.”

“ಅವರು ಸುಮ್ನಿರ್ಬೇಕು, ನೀನು ಬೆಚ್ಚಗಿರ್ಬೇಕು!” ಎಂದು ನಾನು ಎದ್ದೆ. ಭಾವ ನನ್ನ ಅಂಗಿ ಹಿಡಿದು ಕೂರಿಸಿದರು.

“ಸೀಸನ್ ಮುಗೀಲಿ, ನಾನೇ ಎಲ್ಲರ ಎದುರಿಗೆ ನಿಂತು ನಿಜ ಹೇಳ್ತೀನಿ. ನನ್ನ ಮಾತು” ಅಂದ ಕಾರ್ಯದರ್ಶಿ.

ಭಾವ ಅಕ್ಕನ ಮುಖ ನೋಡಿದರು. ಅವಳು ಒಳಗೆ ಹೋದಳು. “ಆಯ್ತು. ಆದ್ರೆ ಹೇಳ್ಬೇಕು ನೀವು. ಕಳ್ಳ ಅನ್ನಿಸ್ಕೊಂಡು ಸಾಯಕ್ಕೆ ನನ್ನ ಕೈಲಾಗಲ್ಲ” ಅಂದರು.

ವಿಚಾರಣೆಯಲ್ಲಿ ಬಾಯಿಗೆ ಬೀಗ ಹಾಕಿಕೊಂಡು ನಿಂತು, ಗೇಟಿನ ಬೀಗದ ಕೈ ಮೇಜಿನ ಮೇಲಿಟ್ಟು ಬಂದರು. ಹೊಸಬ ಬಂದು ಮಕ್ಕಳಿಗೂ ಟಿಕೆಟ್ ಕೇಳಿದ. ಇಬ್ಬರು ಮಕ್ಕಳಿರುವವನು ನಾಲ್ಕು ಟಿಕೆಟ್ ಎಲ್ಲಿಂದ ತರುತ್ತಾನೆ? ಪೂರ್ವದ ಮೆಟ್ಟಿಲುಗಳ ಮೇಲೆ ಕಾಗೆ ಕೂತವು. ಲೀಗಿನವರೋ, ನಂಬಿಕೆಯಿಲ್ಲದ ಅಂಕಿ ನಮಗೆ ಬೇಡ, ಹರಿದ ಟಿಕೆಟ್ ಎಷ್ಟೋ ಅಷ್ಟೇ ತಲೆ ಅಂದರು. ಆರು ಸಾವಿರ ಉಳಿಯಲಿಲ್ಲ. ಕ್ಲಬ್ಬಿನ ಜಾಗ ಬೇರೆ ಊರಿಗೆ ಹೋಯಿತು. ಕಾರ್ಯದರ್ಶಿಗೆ ಬಾಸ್ಕೆಟ್‌ಬಾಲ್ ಹಾಲ್‌ನಲ್ಲಿ ಕೆಲಸ ಸಿಕ್ಕಿತು. ಅವನಾಡಿದ ಮಾತು ಎಲ್ಲಿಗೆ ಹೋಯಿತೋ ನಾ ಕಾಣೆ.

ಊರು ಮಾತ್ರ ತೀರ್ಮಾನಿಸಿತ್ತು: ಕ್ಲಬ್ಬನ್ನು ತಿಂದವನು ಗೇಟಿನವನು. ಒಂದು ದಿನ ನಾನೂ ಭಾವನೂ ಬೀದಿಯ ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದೆವು. ದಪ್ಪಗಿನ ಒಬ್ಬ ಯುವಕ ನಮಗೂ ಕೇಳಿಸುವಂತೆ ಅಂಗಡಿಯವನಿಗೆ, “ಲೋಟ ಎಣಿಸ್ಕೊಳ್ಳಿ, ಕಳ್ಳ ಕೂತಿದಾನೆ. ನಮ್ಮಪ್ಪನ ದುಡ್ಡೆಷ್ಟು ತಿಂದಿದಾನೋ” ಅಂದ.

ನಾನು ಅವನ ಕುತ್ತಿಗೆಪಟ್ಟಿ ಹಿಡಿದಿದ್ದೆ. ಬೆಂಚು ಉರುಳಿತು. ಭಾವ ನಡುವೆ ಬಂದು ನನ್ನ ಬೆರಳು ಒಂದೊಂದಾಗಿ ಬಿಡಿಸಿದರು. ಹೊರಗೆ ಬಂದಮೇಲೆ, “ಬಿಡೋ. ಚಿಕ್ಕೋನಾಗಿದ್ದಾಗ್ಲೇ ಅವನು ಕಲ್ಲುಗುಂಡು. ಅವನನ್ನ ಎತ್ತಿದ ದಿನ ಭುಜಕ್ಕೆ ಎಣ್ಣೆ ತಿಕ್ಕಿಸ್ಕೋತಿದ್ದೆ” ಅಂದರು. ನಗಲು ನೋಡಿದರು, ಆಗಲಿಲ್ಲ. ಅವತ್ತಿನಿಂದ ಮೆಟ್ಟಿಲಿಳಿದು ಬೀದಿಗೆ ಬರುವುದನ್ನೇ ಬಿಟ್ಟರು. ಕಿಟಕಿಯ ಪಕ್ಕ ಕೂತರು. ಊಟ ಕಡಿಮೆಯಾಯಿತು, ಮಾತು ಕಡಿಮೆಯಾಯಿತು. “ಅವ್ರು ಬಂದ್ರಾ?” ಎಂದು ಆಗೀಗ ಕೇಳುತ್ತಿದ್ದರು. ಯಾರು ಎಂದು ನಾವು ಕೇಳಬೇಕಾಗಿರಲಿಲ್ಲ, ಮಾತು ಕೊಟ್ಟು ಹೋದವನು ಒಬ್ಬನೇ.

ಚಳಿ ಬೀಳುವ ಹೊತ್ತಿಗೆ ಹೋಗಿಬಿಟ್ಟರು.

ಊರಿನ ಅರ್ಧದಷ್ಟು ಜನರನ್ನು ಎತ್ತಿ ಇಳಿಸಿದವರು. ಅವರನ್ನು ಮೂರನೆಯ ಮಹಡಿಯಿಂದ ಇಳಿಸಲು ನಾಲ್ಕು ಜನ ಕೂಡಲಿಲ್ಲ. ನಾನು, ಹೆಣದ ಗಾಡಿಯ ಚಾಲಕ, ಕೆಳಮನೆಯ ದರ್ಜಿ. ಅಷ್ಟರಲ್ಲಿ ಕಾರ್ಯದರ್ಶಿ ಹೂವಿನ ಹಾರ ಹಿಡಿದು ಮೇಲೆ ಬಂದ.

“ಹಾರ ಅಲ್ಲಿಡು. ಕಾಲು ಹಿಡಿ” ಅಂದೆ.

ಹಿಡಿದ. ಮೆಟ್ಟಿಲು ಇಕ್ಕಟ್ಟು, ತಿರುವಿನಲ್ಲಿ ನಾವು ನಿಲ್ಲಬೇಕಾಯಿತು. ಕೆಳಗೆ ಅಕ್ಕಪಕ್ಕದ ಮನೆಯವರು ತಲೆಯೆತ್ತಿ ನೋಡುತ್ತಿದ್ದರು.

“ಈಗ ಹೇಳು. ಇಷ್ಟು ಜನರ ಎದುರಿಗಾದ್ರೂ ಹೇಳು. ಕ್ಲಬ್ಬೂ ಇಲ್ಲ, ಇವರೂ ಇಲ್ಲ. ಇನ್ನೇನು ಭಯ ನಿಂಗೆ?”

ಅವನು ಜನರ ಕಡೆ ನೋಡಿದ. ಆಮೇಲೆ ದೊಡ್ಡ ಮನಸ್ಸು ಮಾಡಿದವನ ದನಿಯಲ್ಲಿ, ಎಲ್ಲರಿಗೂ ಕೇಳಿಸುವ ಹಾಗೆ, “ಹೋಗ್ಲಿ ಬಿಡಿ. ಸತ್ತವರ ವಿಷಯದಲ್ಲಿ ಕೆಟ್ಟದ್ದು ಯಾಕೆ ಮಾತಾಡೋದು?” ಅಂದ.

ಕೆಳಗಿದ್ದವರು ತಲೆಯಾಡಿಸಿದರು.

ನಾನು ಅವನನ್ನು ಹೊಡೆಯಲಿಲ್ಲ. ನನ್ನ ಕೈಯಲ್ಲಿ ಭಾವನ ಭುಜವಿತ್ತು, ಆ ಜಗ್ಗಿದ ಭುಜ. ಅವನ ಕೈಯಲ್ಲಿ ಕಾಲಿತ್ತು. ಇಬ್ಬರಲ್ಲಿ ಯಾರು ಕೈಬಿಟ್ಟರೂ ಭಾವ ಮೆಟ್ಟಿಲಿಗೆ ಬೀಳುತ್ತಿದ್ದರು.